ಮಣಿಮಂತಪುರದ ಕಿರಿಯ ಯುವರಾಜ ಮಕ್ಬೂಲ್ ಸಾಬರು

ಶಿರಾ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಮಕ್ಬೂಲ್ ಸಾಬರಿಗೆ ಐವತ್ತು ದಾಟಿದೆ. ಹಗಲು ರವಿಕೆ, ಶಾಲೆಯ ಯೂನಿಫಾರಂ ಹೊಲಿಯುತ್ತಾರೆ. ನಾಟಕವಿದ್ದ ಸಂಜೆ ಮಣಿಮಂತಪುರದ ಕಿರಿಯ ಯುವರಾಜ ಪುಷ್ಪಕೇತು ಆಗುತ್ತಾರೆ. ಅಂಥ ಊರು ಯಾವ ಪುರಾಣದಲ್ಲೂ ಇಲ್ಲ. ಬರಗೂರಿನ ಹಾರ್ಮೋನಿಯಂ ಮೇಷ್ಟ್ರು ವೆಂಕಟರಾಮಯ್ಯನವರು ಆ ರಾಜವಂಶವನ್ನು ತಾವೇ ಹುಟ್ಟಿಸಿ, ಹಾಡು ಕಟ್ಟಿದವರು.

ಸಾಬರು ಯುವರಾಜರಾದದ್ದು ಬಟ್ಟೆಯ ದೆಸೆಯಿಂದ. ಮೊದಲ ನಾಟಕದ ದಿನ ತಾವು ಹೊಲಿದ ಡ್ರೆಸ್ಸುಗಳನ್ನು ಕೊಡಲು ಬರಗೂರಿಗೆ ಹೋಗಿದ್ದರು. ಕಿರಿಯ ಯುವರಾಜ ಆಗಬೇಕಿದ್ದವನು ಆವತ್ತು ಹೆಣ್ಣು ನೋಡಲು ಹೋಗಿಬಿಟ್ಟಿದ್ದ. ಅವನು ಅಳತೆ ಕೊಡಲೂ ಸಿಕ್ಕಿರಲಿಲ್ಲವಾದ್ದರಿಂದ ಸಾಬರು ಜರಿ ಅಂಗಿಯನ್ನು ತಮ್ಮ ಮೈಗೇ ಅಂದಾಜು ಮಾಡಿ ಹೊಲಿದಿದ್ದರು. ಬೇರೆ ಯಾರ ಮೈಗೂ ಅದು ಹೊಂದಲಿಲ್ಲ. ಅಳತೆಗೆಂದು ಹೋದಾಗಲೆಲ್ಲ ತಾಲೀಮು ಕೇಳಿಸಿಕೊಂಡಿದ್ದರಿಂದ ಮಾತೂ ಬರುತ್ತಿತ್ತು.

ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಮೇಲೆ ಸಾಬರು ಗಡೀಪಾರಾಗುತ್ತಲೇ ಬಂದರು. ಎರಡನೇ ಅಂಕದಲ್ಲಿ ಮಂತ್ರಿಯ ಚಾಡಿ ಕೇಳಿ ಅಣ್ಣ, ರಾಜ ವೀರಕೇತು ತಮ್ಮನನ್ನು ಕಾಡಿಗೆ ಅಟ್ಟುತ್ತಾನೆ. ತಮ್ಮ ಎದುರಾಡದೆ ಹೋಗುತ್ತಾನೆ. ಅಣ್ಣನ ಪಾತ್ರ ಬೈರಪ್ಪನದು. ರಾಗಿ ಬೆಳೆಯುವ ಬೈರಪ್ಪ ಸಾಬರಿಗಿಂತ ಚಿಕ್ಕವನು. ಬಣ್ಣ ಅಳಿಸಿದ ಮೇಲೆ ಅವನೇ ಸಾಬರನ್ನು ಅಣ್ಣ ಅನ್ನುತ್ತಾನೆ. ಪ್ರೇಕ್ಷಕರು ಇದರ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ.

"ಈ ಸಲಾನೂ ಕಾಡಿಗೇನಾ?" ಎಂದು ಹೆಂಡತಿ ಜಹೀದಾ ಬುತ್ತಿ ಕಟ್ಟುತ್ತಾ ಕೇಳುತ್ತಾರೆ.

"ಹೂಂ."

ಹೋದ ಚಳಿಗಾಲದಲ್ಲಿ ಬೈರಪ್ಪ ದವಡೆ ಹಲ್ಲು ಕೀಳಿಸಿಕೊಂಡ. ಕೆನ್ನೆ ಊದಿ ಮಾತು ಹೊರಡದಾಯಿತು. ಮೇಷ್ಟ್ರು ಸಾಬರನ್ನೇ ಅಣ್ಣನನ್ನಾಗಿ ಮಾಡಿ, ತಮ್ಮನ ಪಾತ್ರವನ್ನು ಗೊಬ್ಬರದಂಗಡಿಯ ಚೇತನ್ ಕುಮಾರನಿಗೆ ಕೊಟ್ಟರು. ಅಣ್ಣನ ಮಾತು ಸಾಬರಿಗೆ ಒಂದಕ್ಷರ ಬಿಡದಂತೆ ಗೊತ್ತಿತ್ತು. ಇಷ್ಟು ವರ್ಷ ಎದುರು ನಿಂತು ಕೇಳಿದವರು ಅವರೇ.

ನಾಟಕ ಬರಗೂರಿನಲ್ಲೇ. ಬೈರಪ್ಪ ಕೆನ್ನೆಗೆ ಟವೆಲ್ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಎರಡನೇ ಅಂಕ ಬಂತು. ಚೇತನ್ ತಲೆ ತಗ್ಗಿಸಿ ನಿಂತ. ಸಾಬರು ಸಿಂಹಾಸನದಿಂದ ಎದ್ದರು.

"ರಾಜಧರ್ಮವು ಸೋದರಮಮತೆಯನ್ನು ಅರಿಯದು. ಪುಷ್ಪಕೇತು, ಈ ಕ್ಷಣವೇ..."

ಅಲ್ಲಿಗೆ ನಿಂತರು. ಮರೆತಿರಲಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ತಮ್ಮನ ಎದೆಯೊಳಗೆ ಏನಾಗುತ್ತದೆ ಅನ್ನುವುದೂ ನೆನಪಿತ್ತು. ಮೇಷ್ಟ್ರು ಹಾರ್ಮೋನಿಯಂನ ಒಂದೇ ಸ್ವರದ ಮನೆ ಒತ್ತಿ ಹಿಡಿದು ಕಾದರು. ಪರದೆಯ ಹಿಂದಿನಿಂದ ಮಂತ್ರಿ ಪಾತ್ರದ ಗಂಗಯ್ಯ "ತೊರೆದು ಹೋಗು, ತೊರೆದು ಹೋಗು" ಎಂದು ಪಿಸುಗುಟ್ಟಿದ.

"ಎಲ್ಲೂ ಹೋಗ್ಬ್ಯಾಡ ಕಣ್ಲಾ," ಅಂದರು ಸಾಬರು. "ಇಲ್ಲೇ ಇರು."

ತಮ್ಮ ಹೋಗದಿದ್ದರೆ ಕಾಡಿಲ್ಲ, ಯುದ್ಧವಿಲ್ಲ, ಮಂಗಳ ಹಾಡಿ ಎಲ್ಲರೂ ಮನೆಗೆ ಹೋಗಬಹುದು. ಆದರೆ ಚೇತನ್ ಕಷ್ಟಪಟ್ಟು ಕಾಡಿನ ಹಾಡು ಕಲಿತಿದ್ದ. ಅದನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ.

"ಇಲ್ಲ ಅಗ್ರಜ, ನಾನೇ ಹೊಯ್ತೀನಿ, ಬುಟ್ಬುಡಿ," ಎಂದವನೇ ಕಾಡಿಗೆ ನಡೆದ. ನಾಟಕ ಮುಂದುವರಿಯಿತು.

ಹೆಂಗಸರ ನಡುವೆ ಕೂತಿದ್ದ ಬೈರಪ್ಪನ ಹೆಂಡತಿ ರಾಜಲಕ್ಷ್ಮಮ್ಮ, "ಸದ್ಯ, ಒಬ್ಬ ರಾಜನಾದ್ರೂ ಹೋಗ್ಬ್ಯಾಡ ಅಂದ್ನಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಬೈರಪ್ಪ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಅವನೇ ಡ್ರೆಸ್ಸಿನ ಟ್ರಂಕು ಹೊತ್ತುಕೊಂಡು ಸಾಬರ ಜೊತೆ ಬಸ್ ಸ್ಟಾಪಿಗೆ ಬಂದ. ಶಿರಾ ಬಸ್ಸು ಇನ್ನೂ ಬಂದಿರಲಿಲ್ಲ. ಬೈರಪ್ಪ ಟವೆಲ್ ಸಡಿಲಿಸಿ, ಊದಿದ ಬಾಯಲ್ಲೇ ತೊದಲುತ್ತ ಕೇಳಿದ.

"ಮಕ್ಬೂಲಣ್ಣ, ನಾನು ಹೋಗು ಅಂದಾಗೆಲ್ಲ ನಿಂಗೆ ಬೇಜಾರಾಗ್ತಿತ್ತಾ?"

"ಆಗ್ತಿತ್ತು."

"ನಾಟ್ಕ ಅಲ್ವಾ ಅದು?"

"ನಾಟ್ಕನೇ. ಆದ್ರೂ ಆಗ್ತಿತ್ತು."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

ಅಷ್ಟರಲ್ಲಿ ಬಸ್ಸು ಬಂತು. ಬೈರಪ್ಪ ಟ್ರಂಕನ್ನು ಮೇಲೆತ್ತಿ ಕೊಟ್ಟ.

ಯುಗಾದಿ ಕಳೆದು ತೋವಿನಕೆರೆಯಲ್ಲಿ ನಾಟಕವಾಯಿತು. ಬೈರಪ್ಪನ ಕೆನ್ನೆ ಇಳಿದಿತ್ತು, ಪಾತ್ರಗಳು ಮೊದಲಿನಂತೆ. ಎರಡನೇ ಅಂಕದಲ್ಲಿ ವೀರಕೇತು ಸಿಂಹಾಸನ ಬಿಟ್ಟು ಇಳಿದು ಬಂದು ತಮ್ಮನ ಹೆಗಲ ಮೇಲೆ ಕೈಯಿಟ್ಟ. ಅದು ನಾಟಕದಲ್ಲಿ ಇರಲಿಲ್ಲ. ಗಡೀಪಾರಿನ ಆಜ್ಞೆಯನ್ನು ಮೆಲ್ಲಗೆ, ಆಸ್ಪತ್ರೆಯಲ್ಲಿ ಮಾತಾಡುವವನಂತೆ ಹೇಳಿದ. ಸಾಬರು ತಲೆಯಾಡಿಸಿ ಹೊರಟರು.

ಹಿಂದೆ ಕೂತವರಿಗೆ ಒಂದು ಮಾತೂ ಕೇಳಿಸಲಿಲ್ಲ ಎಂದು ಮೇಷ್ಟ್ರು ಆಮೇಲೆ ಬೈದರು.

"ಇನ್ಮೇಲೆ ಇಂಗೇ ಮೇಷ್ಟ್ರೇ," ಅಂದ ಬೈರಪ್ಪ.