ಹಗೂರ ಅಂದರೆ ಎಷ್ಟು ಸ್ಪೀಡು?

ಕಳೆದ ಭಾನುವಾರ ಇಡೀ ಮಧ್ಯಾಹ್ನ ನಾನು ಕುಷ್ಟಗಿಯಲ್ಲಿ ಮೀನು ಎಣಿಸುತ್ತ ಕೂತಿದ್ದೆ.

ನಗಬೇಡಿ. ಕುಷ್ಟಗಿಯಲ್ಲಿ ಹೊಳೆಯೇ ಇಲ್ಲ, ಮೀನು ಎಲ್ಲಿಂದ ಬಂತು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೀನು ಇದ್ದದ್ದು ನಮ್ಮ ಮಾಮಾನ, ಅಂದರೆ ಅಕ್ಕನ ಗಂಡನ, ಲ್ಯಾಪ್‌ಟಾಪಿನೊಳಗೆ.

ನಾನಿರುವುದು ಗಂಗಾವತಿಯಲ್ಲಿ. ನಮ್ಮ ಬಳಗಕ್ಕೆಲ್ಲ ಪುಕ್ಕಟೆ ಕಂಪ್ಯೂಟರ್ ಡಾಕ್ಟರ್. (ಓದಿದ್ದು ಕಾಮರ್ಸ್. ಯಾವುದೋ ಮದುವೆ ಮನೆಯಲ್ಲಿ ಹ್ಯಾಂಗ್ ಆಗಿದ್ದ ಲ್ಯಾಪ್‌ಟಾಪನ್ನು ಆಫ್ ಮಾಡಿ ಆನ್ ಮಾಡಿದ್ದೆ. ಅವತ್ತಿನಿಂದ ಈ ಪದವಿ ಅಂಟಿಕೊಂಡಿದೆ.) ಶನಿವಾರ ಸಂಜೆ ಅಕ್ಕನ ಫೋನ್ ಬಂತು.

"ತಮ್ಮಾ, ನಮ್ಮ ಮನಿ ತೆರಿವಲ್ದು. ನಾಳೆ ಲಗೂನ ಬಾ."

"ಕೀಲಿ ಕೆಟ್ಟೈತೇನು?"

"ಕೀಲಿ ಅಲ್ಲೋ. ಕಂಪ್ಯೂಟರ್‌ನ್ಯಾಗ ತೆರಿವಲ್ದು."

ವಿಷಯ ಇಷ್ಟು. ಅಕ್ಕ, ಮಾಮಾ ಮನೆ ಕಟ್ಟಿಸುತ್ತಿದ್ದಾರೆ. ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದವರು. ಅಕ್ಕ ಬೆಳಗ್ಗೆ ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಜೋಳದ ರೊಟ್ಟಿ ಬಡಿಯುತ್ತಾಳೆ. ಊರಿನ ಖಾನಾವಳಿಗಳಿಗೆ ರೊಟ್ಟಿ ಹೋಗುವುದು ಅವಳ ಮನೆಯಿಂದಲೇ. ಆದರೆ ಯಾವ ಬಾಡಿಗೆ ಮನೆಯ ಮಾಲೀಕರಿಗೆ ಬೆಳಬೆಳಗ್ಗೆ ಪಟಪಟ ಸಪ್ಪಳ, ಹೊಗೆ ಹಿತವಾಗುತ್ತದೆ ಹೇಳಿ? ಹೀಗಾಗಿ ಮನೆ ಬದಲಿಸಿ ಬದಲಿಸಿ ಸಾಕಾಗಿತ್ತು. ಮಾಮಾ ಒಂದು ಖಾಸಗಿ ಶಾಲೆಯಲ್ಲಿ ಕ್ಲರ್ಕ್. "ಈ ಪ್ಲಾಟ್ ನನ್ನ ಪಗಾರದಾಗ ಬಂದಿಲ್ಲಪಾ, ಆಕಿ ರೊಟ್ಯಾಗ ಬಂದೈತಿ" ಎಂದು ಅವರೇ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಎಂಜಿನಿಯರ್ ಕಡೆಯಿಂದ ಒಂದು ಲಿಂಕ್ ಬಂದಿತ್ತು. ಒತ್ತಿದರೆ ಬ್ರೌಸರಿನಲ್ಲಿ ನಿಮ್ಮ ಮನೆ ತೆರೆದುಕೊಳ್ಳುತ್ತದೆ, ಇನ್ನೂ ಕಟ್ಟದ ಮನೆ! ಬಾಗಿಲಿನಿಂದ ಒಳಗೆ ಹೋಗಿ, ಪಡಸಾಲೆ ದಾಟಿ, ಮೆಟ್ಟಿಲು ಹತ್ತಿ, ಮಾಳಿಗೆಯವರೆಗೆ ಅದೇ ತಿರುಗಾಡಿಸಿಕೊಂಡು ಬರುತ್ತದೆ. ಮಾಮಾ ಫೋನಿನಲ್ಲಿ ನೋಡಿ "ಛಲೋ ಐತಿ" ಅಂದಾಗಿತ್ತು. ಅಕ್ಕ ಒಪ್ಪಲಿಲ್ಲ. ಅಂಗೈಯಷ್ಟು ಮನೆಯಲ್ಲಿ ಏನು ನೋಡುವುದು, ದೊಡ್ಡದರಲ್ಲಿ ತೋರಿಸಿ ಎಂದು ಹಟ ಹಿಡಿದಳು. ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಬರೀ ಬಿಳಿ ಪರದೆ, ನಡುವೆ ಗರಗರ ತಿರುಗುವ ಉಂಗುರ. ಇತ್ತ ಎಂಜಿನಿಯರ್ ಗಡುವು ಕೊಟ್ಟಿದ್ದ. ಸೋಮವಾರ ಬೆಳಗ್ಗೆ ಪಾಯಕ್ಕೆ ಗುರುತು ಹಾಕುತ್ತಾರೆ, ಏನೇ ಹೇಳುವುದಿದ್ದರೂ ಅಷ್ಟರೊಳಗೆ ಹೇಳಬೇಕು, ಆಮೇಲೆ ಗೋಡೆ ಸರಿಸಲು ಬರುವುದಿಲ್ಲ.

ನಾನು ಹೋದೆ. ನೋಡಿದೆ. ಡಾಕ್ಟರ್ ಅಂದ ಮೇಲೆ ಟೆಸ್ಟ್ ಬರೆಯದೆ ಇರಲಾಗುತ್ತದೆಯೇ? "ಮಾಮಾ, ಇದು ಬ್ರೌಸರ್ ಪ್ರಾಬ್ಲಮ್. ಯಾವುದು ಫಾಸ್ಟ್ ಐತಿ ಅಂತ ಮೊದ್ಲ ಟೆಸ್ಟ್ ಮಾಡೋಣ್ರಿ" ಅಂದೆ.

ಇಂಥ ಟೆಸ್ಟುಗಳು ಆನ್‌ಲೈನಿನಲ್ಲೇ ಸಿಗುತ್ತವೆ. ನಾನು ತೆರೆದದ್ದರಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಮೀನು. ನೀವು ಮೀನು ಹೆಚ್ಚಿಸುತ್ತ ಹೋಗಬೇಕು. ಒಂದೊಂದು ಮೀನಿನ ಒಂದೊಂದು ಅಲುಗಾಟವನ್ನೂ ಬ್ರೌಸರ್ ಹೊಸ ಚಿತ್ರವಾಗಿ ಬಿಡಿಸುತ್ತಿರಬೇಕು. ಸೆಕೆಂಡಿಗೆ ಎಷ್ಟು ಸಲ ಬಿಡಿಸಿತು ಎನ್ನುವ ಅಂಕಿ ಮೂಲೆಯಲ್ಲಿ ಕಾಣುತ್ತದೆ. ಅರವತ್ತರ ಆಸುಪಾಸು ಇದ್ದರೆ ಮೀನು ಬೆಣ್ಣೆಯಂತೆ ಜಾರುತ್ತದೆ. ಹತ್ತಕ್ಕೆ ಇಳಿದರೆ ಕುಂಟುತ್ತದೆ.

ಮೂರು ಬ್ರೌಸರುಗಳನ್ನು ಕಣಕ್ಕಿಳಿಸಿದೆವು. ಒಂದು ಎಲ್ಲರ ಬಳಿ ಇರುವಂಥದ್ದು, ಮನೆ ತೆರೆಯದೆ ಬಿಳಿ ಪರದೆ ತೋರಿಸಿದ್ದು. ಇನ್ನೊಂದು ಲ್ಯಾಪ್‌ಟಾಪಿನ ಜೊತೆಗೇ ಬಂದು, ಯಾರೂ ಮುಟ್ಟದೆ ಮೂಲೆ ಸೇರಿದ್ದು. ಮೂರನೆಯದು ಅವತ್ತೇ ನಾನು ಇಳಿಸಿಕೊಂಡ ಹೊಸ ಹುರಿಯಾಳು. (ಹೆಸರು ಹೇಳುವುದಿಲ್ಲ. ಬ್ರೌಸರಿಗೂ ಅಭಿಮಾನಿ ಸಂಘ ಇರುವ ಕಾಲ ಇದು.)

ಮಾಮಾ ಕ್ರಿಕೆಟ್ ಕಾಮೆಂಟ್ರಿಗೆ ಇಳಿದರು. "ಐವತ್ತೆಂಟು! ಹೇ, ಬಿತ್ತು ಬಿತ್ತು, ನಲ್ವತ್ತು! ಮೀನ ಕಮ್ಮಿ ಮಾಡಪಾ, ಪಾಪ ಸಾಯಾಕತ್ತೈತಿ!" ನಡುವೆ ಕರೆಂಟು ಹೋಯಿತು. ಬ್ಯಾಟರಿಗೆ ಬಂದ ಕೂಡಲೇ ಅಂಕಿ ದಬಕ್ಕನೆ ಬಿತ್ತು. ಹೀಗಾದರೆ ಅನ್ಯಾಯವಲ್ಲವೇ? ಕರೆಂಟು ಬಂದ ಮೇಲೆ ಮೂರನ್ನೂ ಮತ್ತೆ ಮೊದಲಿನಿಂದ ಓಡಿಸಿದೆವು. ಗಂಡಸರು ನ್ಯಾಯ ಪಾಲಿಸುವುದು ಇಂಥ ಕಡೆಯಲ್ಲೇ.

ಅಕ್ಕ ಒಳಗಿನಿಂದ ಬಂದು ಬಂದು ಇಣುಕುತ್ತಿದ್ದಳು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನ್ನ ಮನಿ ತೋರಸ್ರೀ ಅಂದ್ರ ಮೀನಾ ಎಣಸ್ಕೋತ ಕುಂತೀರಲ್ಲ! ಮನಿ ಕಟ್ಟಸಾಕತ್ತೀವೋ, ಬಾಂವಿ ತಗಸಾಕತ್ತೀವೋ?"

"ಆತಕ್ಕಾ, ಮುಗೀತು. ಇದ ನೋಡು ಗೆದ್ದದ್ದು. ಭಾಳ ಹಗೂರ ಐತಿ."

"ಹಗೂರ ಐತೇನು? ಛಲೋ ಆತು ಬಿಡು. ನನಗೂ ಹಗೂರನ ಬೇಕಾಗಿತ್ತು" ಎಂದು ಚಾಪೆ ಎಳೆದುಕೊಂಡು ಎದುರಿಗೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಸ್ವಂತ ಮನೆಯನ್ನು ಮೊದಲ ಸಲ ನೋಡುವವಳು, ಸಿಂಗರಿಸಿಕೊಳ್ಳುವುದೊಂದು ಬಾಕಿ ಇತ್ತು.

ಲಿಂಕ್ ಒತ್ತಿದೆ. ಬಾಗಿಲು ತೆರೆಯಿತು. ಪಡಸಾಲೆ ಬಂತು, ಹೋಯಿತು. ಅಡಿಗೆ ಮನೆ, ಮಲಗುವ ಕೋಣೆ, ಮೆಟ್ಟಿಲು, ಮಾಳಿಗೆ, ನೀರಿನ ಟ್ಯಾಂಕು. ಮುಗಿಯಿತು. ಒಂದೆಡೆಯೂ ಕುಂಟಲಿಲ್ಲ. ನಾನು ಮತ್ತು ಮಾಮಾ ಹೆಮ್ಮೆಯಿಂದ ಮುಖ ಮುಖ ನೋಡಿಕೊಂಡೆವು.

"ಹೆಂಗೈತಕ್ಕಾ?"

"ಏನ ಹೆಂಗೈತಿ? ನಾ ಇನ್ನಾ ಚಪ್ಪಲಿ ಸುದ್ದಾ ಬಿಟ್ಟಿಲ್ಲ, ನೀ ಹೊರಗ ತಂದು ನಿಲ್ಲಿಸಿದಿ. ಹಗೂರ ಐತಿ ಅಂದೆಲ್ಲೋ?"

ಆಗ ನನಗೆ ಹೊಳೆಯಿತು. ನಾನು ಹೇಳಿದ ಹಗೂರ ಬೇರೆ, ಅಕ್ಕ ಕೇಳಿಸಿಕೊಂಡ ಹಗೂರ ಬೇರೆ. ನಾನು ಹೇಳಿದ್ದು ಭಾರವಿಲ್ಲದ್ದು, ಲೈಟ್ ಎಂದು. ನಮ್ಮ ಕಡೆ ಹಗೂರ ಅಂದರೆ ನಿಧಾನ ಎಂದೂ ಹೌದಲ್ಲ! ಬಸ್ಸಿನಿಂದ ಇಳಿಯುವ ಅಜ್ಜಿಗೆ "ಹಗೂರ ಇಳೀಬೇ" ಅನ್ನುತ್ತೇವೆ. ತುಂಬಿದ ಕೊಡ ಹೊತ್ತವಳಿಗೆ "ಹಗೂರಕ ಇಡು" ಅನ್ನುತ್ತೇವೆ. ಅದರಲ್ಲಿ ನಿಧಾನವೂ ಇದೆ, ಪೆಟ್ಟಾಗದಿರಲಿ ಎನ್ನುವ ಕಾಳಜಿಯೂ ಇದೆ. ಕಂಪ್ಯೂಟರಿನವರ ಲೈಟು ಓಡುತ್ತದೆ. ನಮ್ಮ ಹಗೂರ ನಡೆಯುತ್ತದೆ. ಒಂದೇ ಶಬ್ದ ಹಿಡಿದುಕೊಂಡು ಅಕ್ಕ ತಮ್ಮ ಇಬ್ಬರೂ ಎದುರುಬದುರು ದಿಕ್ಕಿಗೆ ಹೊರಟಿದ್ದೆವು.

"ಟೆಸ್ಟಿನ್ಯಾಗ ಸೋತದ್ದು ಯಾವುದೈತಿ, ಅದನ್ನ ಹಾಕು" ಅಂದಳು ಅಕ್ಕ.

ಮೂಲೆ ಸೇರಿದ್ದ ಆ ಹಳೆಯ ಬ್ರೌಸರನ್ನೇ ತೆರೆದೆ. ಬಾಗಿಲು ತೆರೆಯಲು ಅದು ಎರಡು ಸಲ ಉಸಿರು ತೆಗೆದುಕೊಂಡಿತು. ಪಡಸಾಲೆಯಲ್ಲಿ ಒಂದು ಹೆಜ್ಜೆ ಇಟ್ಟು ನಿಂತಿತು. ಮತ್ತೊಂದು ಹೆಜ್ಜೆ. ಅಕ್ಕ ಮುಂದಕ್ಕೆ ಬಾಗಿದಳು. "ಹಾಂ, ಇದಕ್ಕ ಅಂತಾರ ಹಗೂರ" ಅಂದಳು. (ನಿಲ್ಲಿಸಿ ನೋಡುವ ಗುಂಡಿಯೊಂದು ಇತ್ತಂತೆ, ಪರದೆಯ ಮೂಲೆಯಲ್ಲಿ, ಅಕ್ಕಿ ಕಾಳಿನಷ್ಟು. ಅದು ಗೊತ್ತಾದದ್ದು ಆಮೇಲೆ.)

ಅವಳ ಮುಖ ನೋಡುತ್ತಿದ್ದವನಿಗೆ ಸುಮಾರು ಇಪ್ಪತ್ತು ವರ್ಷದ ಹಿಂದಿನ ಗಂಗಾವತಿಯ ಸೈಬರ್ ಕೆಫೆ ನೆನಪಾಯಿತು. ಮಾಮಾ ಆಗ ಪುಣೆಯಲ್ಲಿದ್ದರು. ಹೆಣ್ಣಿನ ಕಡೆಯವರಾದ ನಮಗೆ ತಮ್ಮ ಫೋಟೋವನ್ನು ಇ-ಮೇಲಿನಲ್ಲಿ ಕಳಿಸಿ ಬಡಿವಾರ ತೋರಿಸಿದ್ದರು. ಅಕ್ಕನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಕೂದಲು ಬಂತು, ಹಣೆ ಬಂತು, ಕಣ್ಣು ಬಂತು. ಮೀಸೆ ಬರುವಷ್ಟರಲ್ಲಿ ಅಕ್ಕ ಒಪ್ಪಿ ಆಗಿತ್ತು. "ಆಗ ಸ್ಪೀಡ್ ಇದ್ದಿದ್ರ ಪೂರಾ ಮುಖಾ ನೋಡಿ ಓಡಿ ಹೋಗ್ತಿದ್ಲು" ಎಂದು ಮಾಮಾ ಈಗಲೂ ನಗಾಡುತ್ತಾರೆ. ನನಗನ್ನಿಸುವುದು ಬೇರೆ. ಸ್ಪೀಡ್ ಇದ್ದಿದ್ದರೆ ಅವಳು ಆ ಕಣ್ಣುಗಳನ್ನು ಅಷ್ಟು ಹೊತ್ತು ನೋಡುತ್ತಲೇ ಇರಲಿಲ್ಲ.

ಅಡಿಗೆ ಮನೆಗೆ ಬಂದ ಬ್ರೌಸರ್ ಅಲ್ಲೇ ಅಂಟಿಕೊಂಡಿತು. ಉಂಗುರ ತಿರುಗತೊಡಗಿತು.

"ಮುಟ್ಟಬ್ಯಾಡ, ಇರ್ಲಿ" ಅಂದಳು ಅಕ್ಕ. ಪರದೆಯ ಮೇಲೆ ಬೆರಳಿಟ್ಟಳು. "ಇದ ಅಡಿಗಿ ಮನೇನು?"

"ಹೂಂ."

"ಇದೇನು, ಗ್ವಾಡಿ ಗುಂಟ?"

"ಗ್ರಾನೈಟ್ ಕಟ್ಟಿ. ನಿಂತು ಅಡಿಗಿ ಮಾಡೂದು."

"ಇದು?"

"ಡೈನಿಂಗ್ ಟೇಬಲ್."

ಹಿತ್ತಲ ಬಾಗಿಲಿನ ಕಡೆ ಬೆರಳು ಸರಿಯಿತು, ಅಲ್ಲಿ ಫ್ರಿಜ್ಜು. ಕಿಟಕಿಯ ಕೆಳಗೆ ಸರಿಯಿತು, ಅಲ್ಲಿ ಸಿಂಕು.

"ಹಂಗಾರ ನಾವು ಮೂರು ಮಂದಿ ರೊಟ್ಟಿ ಬಡಿಯಾಕ ಎಲ್ಲಿ ಕುಂದರೂನು?"

ನಾನು ಮಾಮಾನ ಕಡೆ ನೋಡಿದೆ. ಮಾಮಾ ನನ್ನ ಕಡೆ ನೋಡಿದರು. "ಕಟ್ಟಿ ಮ್ಯಾಲ ನಿಂತು ಬಡಿಯಾಕ ಬರಂಗಿಲ್ಲೇನು?" ಎಂದು ಮೆಲ್ಲಗೆ ಕೇಳಿಯೂ ಬಿಟ್ಟರು.

"ನೀವು ಒಂದ ರೊಟ್ಟಿ ನಿಂತು ಬಡೀರಿ. ನಾ ನೋಡ್ತೀನಿ."

ರೊಟ್ಟಿ ಬಡಿಯುವವರನ್ನು ನೋಡಿದವರಿಗೆ ಗೊತ್ತು, ಅದು ಬರೀ ಕೈಯ ಕೆಲಸವಲ್ಲ. ನೆಲಕ್ಕೆ ಕೂತು, ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆಯನ್ನು ಎದುರಿಗಿಟ್ಟುಕೊಂಡು, ಇಡೀ ಮೈಯನ್ನು ಅಂಗೈಗೆ ಇಳಿಸಬೇಕು. ಪಕ್ಕದಲ್ಲೇ ಒಲೆ ಇರಬೇಕು. ಹೊಗೆ ಹೋಗಲು ದಾರಿ ಬೇಕು. ಹೀಗೆ ದುಡಿದು ಬಂದ ಮನೆಯಲ್ಲಿ ಆ ದುಡಿಮೆಗೇ ಜಾಗವಿಲ್ಲ! ಇನ್ನೊಂದು ರಾತ್ರಿ ಕಳೆದಿದ್ದರೆ ಪಾಯಕ್ಕೆ ಗುರುತು ಬೀಳುತ್ತಿತ್ತು.

ಎಂಜಿನಿಯರಿಗೆ ಫೋನ್ ಹಚ್ಚಿದೆವು. ಅವನು ಕೆಟ್ಟ ಮನುಷ್ಯನಲ್ಲ. ನಮ್ಮ ಗಂಗಾವತಿಯವನೇ, ಭತ್ತ ಬೆಳೆದು ರೊಟ್ಟಿಗಿಂತ ಅನ್ನವನ್ನೇ ಹೆಚ್ಚು ಉಣ್ಣುವ ಊರಿನವನು.

"ಅಕ್ಕಾರ, ಈಗ ಯಾರು ಕುಂತು ಅಡಿಗಿ ಮಾಡ್ತಾರ್ರೀ? ಆ ಲೈನಿನ್ಯಾಗ ಎಲ್ಲಾರಿಗೂ ಇದ ಮಾಡೆಲ್ ಕೊಟ್ಟೇನಿ. ಯಾರೂ ಏನೂ ಅಂದಿಲ್ಲ."

"ತೋರಿಸಿದ್ದು ಯಾರಿಗ್ರೀ?" ಅಂದಳು ಅಕ್ಕ.

"ಆಯಾ ಮನಿ ಯಜಮಾನ್ರಿಗೆ ಲಿಂಕ್ ಕಳಿಸಿದ್ದೆ" ಅಂದ.

ಯೋಚಿಸಿ ನೋಡಿ. ಬ್ರೌಸರ್ ಎಷ್ಟು ಬೇಗ ಬಿಡಿಸಿತು ಎಂದು ಅಳೆಯಲು ಟೆಸ್ಟಿದೆ. ನೋಡುವವರ ಕಣ್ಣಿಗೆ ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಅಳೆದಿದ್ದಾರಾ? ಮನೆ ಸಾಲಕ್ಕೆ ಹೋದರೆ "ಇಲ್ಲಿ ಸಹಿ, ಇಲ್ಲಿ ಸಹಿ, ಇಲ್ಲೊಂದು" ಎಂದು ಹಾಳೆ ಸರಸರ ಮಗುಚುತ್ತಾರೆ. ಮೊಬೈಲಿನಲ್ಲಿ ಏನೇ ತೆರೆದರೂ "ಒಪ್ಪಿದ್ದೇನೆ" ಎನ್ನುವ ಗುಂಡಿಯೇ ಎಲ್ಲಕ್ಕಿಂತ ದೊಡ್ಡದು. ಲಗೂ ಮುಗಿಯಿತಲ್ಲ ಎಂದು ನಾವೂ ಖುಷಿಯಿಂದ ಮನೆಗೆ ಬರುತ್ತೇವೆ. (ಇದನ್ನು ಬರೆಯುತ್ತಿರುವವನೂ ಆ ಪೈಕಿಯೇ. ಹೊಸ ಬ್ರೌಸರ್ ನನ್ನ ಲ್ಯಾಪ್‌ಟಾಪಿಗೂ ಬಂದಿದೆ. ಭಾಳ ಛಲೋ ಓಡುತ್ತದೆ.)

ಸೋಮವಾರ ಬೆಳಗ್ಗೆ ನಾನೂ ಪ್ಲಾಟಿಗೆ ಹೋದೆ. ದಾರ ಹಿಡಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಅಕ್ಕ ಸೀದಾ ಹೋಗಿ ಅಡಿಗೆ ಮನೆಯ ಗೆರೆಗಳ ನಡುವೆ, ಬರೀ ಮಣ್ಣಿನಲ್ಲಿ, ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ಎಡಕ್ಕೆ ಕೈ ಚಾಚಿದಳು, ಬಲಕ್ಕೆ ಚಾಚಿದಳು. ಎದುರಿನ ನೆಲದ ಮೇಲೆ ರೊಟ್ಟಿ ಬಡಿದಂತೆ ಎರಡು ಸಲ ಬಡಿದಳು.

"ಈ ಗ್ವಾಡಿ ಹಿಂದಕ್ಕ ಸರಸ್ರಿ. ಇನ್ನಾ ಸ್ವಲ್ಪ. ಹಾಂ, ಇಷ್ಟ."

ಎಂಜಿನಿಯರ್ ಗೆರೆ ಅಳಿಸಿ ಬೇರೆ ಹಾಕಿಸಿದ. ಅಕ್ಕ ಎದ್ದು ಸೀರೆಯ ಮಣ್ಣು ಜಾಡಿಸಿಕೊಂಡಳು. ಅವಳು ಅಷ್ಟು ಅಗಲ ನಕ್ಕದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಪಕ್ಕದ ಪ್ಲಾಟಿನಲ್ಲಿ ಅದೇ ಎಂಜಿನಿಯರನ ಇನ್ನೊಂದು ಮನೆ. ಗೋಡೆ ಆಗಲೇ ಆಳೆತ್ತರ ಬಂದಿತ್ತು. ಆ ಮನೆಯಾಕೆ ಗೋಡೆಗೆ ನೀರು ಹೊಡೆಯುತ್ತಿದ್ದವಳು ಪೈಪು ಕೆಳಗಿಟ್ಟು ಇತ್ತಲೇ ನೋಡುತ್ತಿದ್ದಳು.

"ಏನ್ ಮಾಡಾಕತ್ತೀಯಕ್ಕಾ?"

"ರೊಟ್ಟಿ ಬಡಿಯಾಕ ಜಾಗಾ ಮಾಡ್ಸಾಕತ್ತೀನವಾ. ನೀ ಎಲ್ಲಿ ಮಾಡ್ಸೀದಿ?"

ಆಕೆ ತಿರುಗಿ ತನ್ನ ಗೋಡೆಗಳನ್ನು ಒಂದೊಂದಾಗಿ ನೋಡಿದಳು. ಅಂದಳು, "ನಮ್ಮನಿಯವ್ರು ಫೋನಿನ್ಯಾಗ ನೋಡಿ ಛಲೋ ಐತಿ ಅಂದಿದ್ರಕ್ಕಾ."

ಅವರ ಫೋನು ಬಹಳ ಫಾಸ್ಟ್ ಇರಬೇಕು.