ಹಳೇ ಪುಸ್ತಕದ ಧರ್ಮವೀರ

ಭಾನುವಾರ ಸಂಜೆ ನಾನು ಕಳ್ಳಿ. ವಾರವೆಲ್ಲ ಶಾಲೆಯಲ್ಲಿ ಕಾಪಿ ಚೀಟಿ ಹಿಡಿದು ಬೈಯುವವಳು, ಸರಸ್ವತಿ ನಗರದಿಂದ ಗಂಡನ ಸ್ಕೂಟರಿನಲ್ಲಿ ಮಂಡಿಪೇಟೆಗೆ ಬಂದು ಒಂದು ಮೆಣಸಿನಕಾಯಿ ಅಂಗಡಿಯ ಮಹಡಿ ಹತ್ತಿದೆನೆಂದರೆ ಸಿಕ್ಕವರ ಜೇಬಿಗೆ ಕೈ ಹಾಕುತ್ತೇನೆ. ಆಟದಲ್ಲಿ ಮಾತ್ರ ಎಂದು ಈಗಲೇ ಹೇಳಿಬಿಡುತ್ತೇನೆ. ನಮ್ಮ ಹೆಡ್‌ಮೇಡಂ ಇದನ್ನು ಓದಿದರೂ ಓದಬಹುದು.

ಈ ಆಟಕ್ಕೆ ಹಾಸೂ ಇಲ್ಲ, ಕಾಯೂ ಇಲ್ಲ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಹೊಡೆದಾಟ ಬಂದರೆ ದಾಳ ತೀರ್ಮಾನಿಸುತ್ತದೆ. ಕತೆ ನಡೆಸುವವರು ಅಂಗಡಿಯ ಯಜಮಾನರಾದ ಭಾಯ್. ಕರೂರು ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ದಿನವಿಡೀ ಕಬ್ಬಿಣದ ಜೊತೆ ಗುದ್ದಾಡುವ ನನ್ನ ಗಂಡ ಮಂತ್ರವಾದಿ. ಬೆರಳೆತ್ತಿದರೆ ಸಾಕು, ಕೆಲಸ ಆಗಬೇಕು ಅವರಿಗೆ. ನಾಲ್ಕನೆಯವರು ಹರಿಹರದಿಂದ ಬಸ್ಸಿನಲ್ಲಿ ಬರುವ ಮದುವೆ ಬ್ರೋಕರ್. ನಾವು ಅವರನ್ನು ಅಣ್ಣ ಎನ್ನುತ್ತೇವೆ.

ಅಣ್ಣ ಧರ್ಮವೀರ. ಧರ್ಮವೀರನಿಗೆ ದೈವಬಲ ಉಂಟು, ಆದರೆ ಒಂದೇ ಒಂದು ಸುಳ್ಳು ಹೇಳಿದರೂ ಅಷ್ಟೂ ಬಲ ಹೋಗುತ್ತದೆ. ಪೂರ್ತಿ ಬೋಳಾದವರನ್ನು 'ಕೂದಲು ಸ್ವಲ್ಪ ತೆಳು' ಎಂದು ದಾಟಿಸುವ ಮನುಷ್ಯ ಈ ಪಾತ್ರವನ್ನೇ ಯಾಕೆ ಆರಿಸಿಕೊಂಡರೋ ಗೊತ್ತಿಲ್ಲ, ವರ್ಷಗಟ್ಟಲೆ ಅದನ್ನು ಕೂಸಿನ ಹಾಗೆ ಸಾಕಿದ್ದರು. ಒಮ್ಮೆ ಹುಲ್ಲಿನ ಗಾಡಿಯಲ್ಲಿ ಅಡಗಿದ್ದಾಗ ಕಾವಲುಗಾರ "ಒಳಗೆ ಯಾರದೀರಿ?" ಎಂದ. "ಮೂರು ಮಂದಿ ಅದೀವ್ರಿ" ಎಂದು ಹುಲ್ಲಿನೊಳಗಿಂದಲೇ ಉತ್ತರ ಕೊಟ್ಟರು.

ಆಟದ ನಿಯಮದ ಪುಸ್ತಕ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಅಚ್ಚಾಗುತ್ತದೆ, ಪಠ್ಯಪುಸ್ತಕದ ಹಾಗೆ ಒಳಗೂ ಬದಲಾಗಿರುತ್ತದೆ. ಹಳೆಯದರಲ್ಲಿ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ನನ್ನ ಗಂಡ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂರುತ್ತಿದ್ದರು. ಹೊಸದರಲ್ಲಿ ಬೇಕಾದಷ್ಟು ಸಲ ಬೆಂಕಿ ಎಸೆಯಬಹುದು. ನನಗೆ ಬೀಗ ತೆಗೆಯುವುದು ನೀರು ಕುಡಿದಷ್ಟು ಸುಲಭವಾಯಿತು. ಧರ್ಮವೀರ ಸುಳ್ಳು ಹೇಳಿದರೂ ಬಲ ಹೋಗುವುದಿಲ್ಲ ಎಂದು ಭಾಯ್ ಓದಿದಾಗ ಮೊದಲು ಚಪ್ಪಾಳೆ ತಟ್ಟಿದವಳೂ ನಾನೇ.

ಆ ಸಂಜೆಯೇ ಅಣ್ಣ ಸೇತುವೆಯ ಕಾವಲುಗಾರನಿಗೆ "ನಾವು ಉಪ್ಪಿನ ವ್ಯಾಪಾರದವ್ರು, ಈಕಿ ನನ್ನ ತಂಗಿ, ಪಾಪ ಮಾತು ಬರಲ್ಲ" ಎಂದು ಹೇಳಿ ನಮ್ಮನ್ನು ದಾಟಿಸಿದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ಅದೇ ಸುಮಾರಿಗೆ ಅವರು ನನ್ನ ಅಕ್ಕನ ಮಗಳಿಗೆ ಹರಿಹರದ ಒಂದು ಸಂಬಂಧ ತಂದಿದ್ದರು. ಅಕ್ಕನ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. ಹುಡುಗಿ ಮಾತ್ರ "ಚಿಕ್ಕಮ್ಮಾ, ನೀನು ಹೂಂ ಅಂದ್ರೆ ನಾನೂ ಹೂಂ" ಎಂದು ಭಾರವನ್ನೆಲ್ಲ ನನ್ನ ತಲೆಗೆ ಕಟ್ಟಿದಳು. ಆಟದ ನಡುವೆ ಅಣ್ಣನನ್ನು ಕೇಳಿದೆ, ಹುಡುಗ ಹೇಗೆ ಎಂದು.

"ಬಂಗಾರದಂಥ ಹುಡುಗ್ರಿ ಮೇಡಂ. ಕಣ್ಣು ಮುಚ್ಚಿ ಕೊಡ್ರಿ."

ಉಪ್ಪಿನ ವ್ಯಾಪಾರದ ಮಾತು ಹೇಳಿದ ದನಿಯೇ ಅದು. ನನಗೆ ಭಯವಾಯಿತು. ಇಡೀ ಊರಿನಲ್ಲಿ ಈ ಮನುಷ್ಯನ ಬಾಯಿಂದ ನಿಜ ಬರುವ ಜಾಗ ಒಂದೇ ಒಂದಿತ್ತು, ಅದನ್ನು ನಾನೇ ಚಪ್ಪಾಳೆ ತಟ್ಟಿ ಮುಚ್ಚಿಸಿದ್ದೆ.

ಮುಂದಿನ ಭಾನುವಾರ ಹಳೇ ನಿಯಮವೇ ಬೇಕೆಂದು ಹಟ ಹಿಡಿದೆ.

"ಅರ್ಧಂಬರ್ಧ ನಡೆಯಲ್ಲ" ಎಂದರು ಭಾಯ್. "ಧರ್ಮವೀರಂದು ಹಳೇದಾದ್ರೆ ಎಲ್ಲಾರ್ದೂ ಹಳೇದು. ನಿಮ್ಮ ಬೀಗದ ಕೈಚಳಕನೂ ಖತಂ. ಮಂಜೂರಾ?"

ಮಂಜೂರು ಎಂದೆ. ನನ್ನ ಗಂಡ ಇಡೀ ಸಂಜೆ ನನ್ನ ಜೊತೆ ಮಾತಾಡಲಿಲ್ಲ. ಅಣ್ಣನ ಮುಖ ಮಾತ್ರ ಅರಳಿತು, ಕಾರಣ ನನಗೆ ಹೊಳೆಯಲಿಲ್ಲ. ಎಂಟು ನಿಮಿಷವೂ ಆಗಿರಲಿಲ್ಲ, ಕೋಟೆಯ ಬಾಗಿಲಲ್ಲಿ ಕಾವಲುಗಾರ ಯಾರು ನೀವು ಎಂದಾಗ ಅಣ್ಣ "ಕಳ್ಳತನಕ್ಕೆ ಬಂದೀವ್ರಿ" ಎಂದು ಒಪ್ಪಿಕೊಂಡು ಮೂವರನ್ನೂ ಜೈಲಿಗೆ ಹಾಕಿಸಿದರು. ಬೀಗಕ್ಕೆ ದಾಳ ಹಾಕಿದೆ, ಬೀಗ ಜಪ್ಪಯ್ಯ ಅನ್ನಲಿಲ್ಲ.

"ಅಣ್ಣ, ಹೆಂಗೂ ಜೈಲಲ್ಲಿ ಕೂತಿದೀವಿ" ಎಂದೆ. "ಹರಿಹರದ ಆ ಹುಡುಗ ಹೆಂಗೆ?"

ಅಣ್ಣ ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿ ತಟ್ಟೆಗೆ ಇಟ್ಟರು. "ಇದು ಆಟದ ಒಳಗಿನ ಪ್ರಶ್ನೆನೋ, ಹೊರಗಿಂದೋ?"

"ಒಳಗಿಂದು. ಕೇಳ್ತಿರೋಳು ಕಳ್ಳಿ."

ಭಾಯ್ ಧರ್ಮವೀರನ ಬಲವೆಲ್ಲ ಬರೆದಿದ್ದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಕೈಗೆ ರಬ್ಬರ್ ತೆಗೆದುಕೊಂಡರು. ಅಣ್ಣ ರಬ್ಬರನ್ನೇ ನೋಡಿದರು.

"ಆ ಸಂಬಂಧ ಬ್ಯಾಡ್ರಿ ಮೇಡಂ" ಎಂದರು ಮೆಲ್ಲಗೆ. "ಬೆಳಿಗ್ಗೆ ಎದ್ದ ಕೂಡ್ಲೇ ಕುಡೀತಾನೆ. ಅವ್ರ ಅವ್ವನ ಮ್ಯಾಲೂ ಕೈ ಮಾಡ್ಯಾನೆ."

ಭಾಯ್ ರಬ್ಬರ್ ಕೆಳಗಿಟ್ಟರು. ನನಗೆ ಅಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟೂ ಬಂತು, ಕಾಲು ಮುಟ್ಟುವಷ್ಟು ಪ್ರೀತಿಯೂ ಬಂತು.

"ನಾಳೆ ಸೋಮವಾರ ಕೇಳಿದ್ರೆ ಮತ್ತೆ ಬಂಗಾರದಂಥ ಹುಡುಗ ಅಂತೀನಿ" ಎಂದರು ಅಣ್ಣ ದಾಳ ಎತ್ತಿಕೊಳ್ಳುತ್ತ. "ನನ್ನ ಹೊಟ್ಟೆಪಾಡು ಅದು."

ನಾನು ಎದ್ದು ಮೆಟ್ಟಿಲ ಹತ್ತಿರ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.