ಕಮಾನಿನ ಕೆಳಗೆ ಚಹಾ

ನಮ್ಮ ಜರಾಫ್ಶಾನ್ ನದಿಗೆ ಕಲ್ಲಿನ ಸೇತುವೆ ಕಟ್ಟಿದ ರಷ್ಯನ್ ಇಂಜಿನಿಯರ್ ಲಾವ್ರೆಂತಿ ಸಾಹೇಬರು ಯಾವುದನ್ನೂ ತಟ್ಟಿ ನೋಡದೆ ನಂಬುವವರಲ್ಲ. ಔತಣಕ್ಕೆ ಕರೆದರೆ ಮೊದಲು ಮನೆಯ ಕಂಬ ತಟ್ಟುವರು, ಬಳಿಕ ರೊಟ್ಟಿ, ಕೊನೆಗೆ ಕರಬೂಜ. “ಸಾಹೇಬ್ರೇ, ನನ್ನ ತಲೇನೂ ಒಂದ್ಸಲ ತಟ್ಟಿಬಿಡಿ” ಎಂದು ಒಂಟೆ ಹೊಡೆಯುವ ಎರ್ಗಾಶ್ ಕೆಣಕಿದರೆ, “ಅದು ಟೊಳ್ಳು ಅಂತ ದೂರದಿಂದ್ಲೇ ಗೊತ್ತಾಗುತ್ತಪ್ಪ” ಎನ್ನುವರು. ಹಳೆಯ ಸೇತುವೆ ಕುಸಿದಾಗ ತಮ್ಮನನ್ನು ಕಳೆದುಕೊಂಡಿದ್ದ ಎರ್ಗಾಶ್, ಹೊಸದರ ಮೇಲೆ ಹೆಜ್ಜೆಯಿಡಲು ಒಪ್ಪಲಿಲ್ಲ. ಸಾಹೇಬರು ಕಮಾನಿನ ಕೆಳಗೆ ಕಂಬಳಿ ಹಾಸಿ ಕುಳಿತು, “ಈಗ ಹೊಡಿ ನಿನ್ನ ಒಂಟೆಗಳನ್ನ” ಎಂದರು. ಅವರ ಹೆಂಡತಿ ಗ್ಲಾಫಿರಾ ಚಹಾ ಹಿಡಿದು ಇಳಿದು ಬಂದು ಪಕ್ಕದಲ್ಲೇ ಕುಳಿತರು. “ನೀನು ಮೇಲೆ ಹೋಗೇ” ಎಂದರು ಸಾಹೇಬರು. “ಯಾಕೆ, ಗಟ್ಟಿ ಇಲ್ವೇನ್ರೀ?” ಅಷ್ಟರಲ್ಲಿ ಎರ್ಗಾಶ್ ಒಂಟೆಗಳ ಸಾಲನ್ನು ಸೇತುವೆಯ ಮೇಲೆ ಹೊಡೆದ. ಅಲ್ಲಾಹನ ದಯೆ, ಒಂದು ಕಲ್ಲೂ ಅಲುಗಲಿಲ್ಲ. ಆದರೂ ಕೊನೆಯ ಒಂಟೆ ದಾಟುವವರೆಗೆ ಅವರು ಅಂಗೈಯನ್ನು ಹೆಂಡತಿಯ ತಲೆಯ ಮೇಲೆ ಸೂರಿನಂತೆ ಹಿಡಿದೇ ಇದ್ದರು.